ಕಾಸಿದ ನೀರಿನ ಸರ್ವೆ

೧೯೭೯ರ ಬೇಸಿಗೆಯಲ್ಲಿ ನರ್ಸಿಂಗ್ ಓದುತ್ತಿದ್ದ ನಮ್ಮನ್ನು ಜಗಳೂರು ಬಳಿಯ ಹಳ್ಳಿಗೆ ಸರ್ವೆಗೆ ಕಳಿಸಿದರು. ಗಂಜಿ ಹಾಕಿದ ಬಿಳಿ ಸೀರೆಯುಟ್ಟು ಮನೆಮನೆಗೆ ಹೋದೆವು. ಕುಡಿಯುವ ನೀರು ಕಾಸುತ್ತೀರಾ ಎಂದರೆ ಎಲ್ಲರೂ ಹೂಂ ಎಂದರು.

ವರದಿ ಓದಿದ ಟ್ಯೂಟರ್ ಮೇಡಂ, “ಹಂಗಾದ್ರೆ ವಾರ್ಡಿಗೆ ವಾಂತಿಭೇದಿ ಮಕ್ಕಳು ಎಲ್ಲಿಂದ ಬರ್ತಾವೆ? ಇದನ್ನ ಪಾಸ್ ಮಾಡಾಕೆ ಆಗಲ್ಲ. ನಾಳೆ ಹೋಗಿ, ಬಾಯಾರಿಕೆ ಅಂತ ನೀರು ಕೇಳ್ರಿ” ಎಂದರು.

ಮರುದಿನ ಮೊದಲ ಮನೆಯ ಅಜ್ಜಿ ಕೊಡದಿಂದಲೇ ಚೊಂಬಿಗೆ ನೀರು ಬಗ್ಗಿಸಿದರು.

“ಕಾಸಿದ್ದು ಇಲ್ವೇನಜ್ಜಿ?” ಎಂದೆ.

“ಯಾಕವ್ವಾ, ಜ್ವರ ಬಂದೈತಾ?”

“ನಿನ್ನೆ ಕಾಸ್ತೀವಿ ಅಂದ್ರಲ್ಲ?”

“ಇಲ್ಲ ಅಂದ್ರೆ ನಿಮ್ಮ ಮೇಡಂ ನಿಮ್ಮನ್ನ ಬೈಯಲ್ವೇನು? ಬಿಸಿಲಾಗೆ ನಡ್ಕಂಡು ಬಂದಿದ್ರಿ, ಪಾಪ.”

ಸರ್ವೆಯನ್ನು ಮೊದಲಿನಿಂದ ಮಾಡಿ ಪಾಸಾದೆವು. ಮುಂದಿನ ವರ್ಷದ ಹುಡುಗಿಯರು ಯಾವ ಮನೆಗೆ ಹೋದರೂ ಮೊದಲು ಕುಡಿಯಲು ನೀರು ಕೇಳುತ್ತಿದ್ದರು.