ಮಾವನ ಕುದುರೆ ವ್ಯಾಪಾರ

ನಿನ್ನೆ ಕುಮಟೆಯ ನಮ್ಮ ಆಡಿಟರ್ ಕಚೇರಿಯಲ್ಲಿ ಯಾರೋ ಊಟದ ಡಬ್ಬಿ ತೆರೆದರು. ಹುರುಳಿ ಸಾರಿನ ಪರಿಮಳಕ್ಕೆ ಉಳಿದವರ ಬಾಯಲ್ಲಿ ನೀರೂರಿತು. ನನಗೆ ಮಾತ್ರ ಆದಾಯ ತೆರಿಗೆ ನೆನಪಾಯಿತು. ದಿನಚರಿಯಲ್ಲಿ ಸ್ನಾನದ ಹೊತ್ತನ್ನೂ ಬರೆದಿಡುವವನ ತಲೆ ಓಡುವುದೇ ಹೀಗೆ, ನೀವು ನಗಬಹುದು.

ನನ್ನ ಸೋದರಮಾವನಿಗೆ ಹೊನ್ನಾವರ ಪೇಟೆಯಲ್ಲಿ ಪೇಂಟಿನ ಅಂಗಡಿ, ಮನೆಯ ಹಿತ್ತಲಲ್ಲಿ ಕುದುರೆಗಳು. ಮೊದಲು ಒಂದು ಜೋಡಿ ತಂದಿದ್ದರು. ಅವು ಸಂಸಾರ ಬೆಳೆಸಿದವು. ಹುರುಳಿ, ಮೇವು, ಲಾಳ, ಡಾಕ್ಟರ ಫೀಸು ಎಲ್ಲವನ್ನೂ ಮಾವ ಕುದುರೆ ಸಾಕಣೆಯ ನಷ್ಟವೆಂದು ತೋರಿಸಿ, ಅಂಗಡಿಯ ಲಾಭದಲ್ಲಿ ಕಳೆದು, ಉಳಿದದ್ದಕ್ಕೆ ತೆರಿಗೆ ಕಟ್ಟುತ್ತಿದ್ದರು. ಒಂದು ವರ್ಷ ನೋಟಿಸು ಬಂತು: ಇದು ವ್ಯಾಪಾರವೋ, ಹವ್ಯಾಸವೋ? ಹವ್ಯಾಸವಾದರೆ ಕಳೆದದ್ದನ್ನೆಲ್ಲ ಮತ್ತೆ ಕೂಡಿಸಿ, ಅದರ ತೆರಿಗೆಯನ್ನು ದಂಡ ಸಮೇತ ಕಟ್ಟಬೇಕು.

"ಎಂತ ಹವ್ಯಾಸ? ಹವ್ಯಾಸಕ್ಕೆ ಯಾರಾದ್ರೂ ಬೆಳಗಾಗೂ ಮೊದ್ಲೇ ಎದ್ದು ಲದ್ದಿ ಬಾಚ್ತಾರಾ?" ಎಂದು ಮಾವ ರೇಗಿದರು.

"ವ್ಯಾಪಾರ ಅಂದ್ರೆ ಒಂದಾದ್ರೂ ಮಾರಿರ್ಬೇಕು ಮಾವ."

"ಮಾರೂದು ಬಿಡು, ಇವ್ರು ಕುದ್ರೆ ಫೋಟೋ ಕೊಡೂಕೂ ಒಪ್ಪೂದಿಲ್ಲ," ಎಂದು ಅತ್ತೆ ಒಳಗಿನಿಂದಲೇ ಕೂಗಿದರು.

ಅಂತೂ ಮಾವನನ್ನು ಒಪ್ಪಿಸಿ, ಭಟ್ಕಳದಿಂದ ಒಬ್ಬ ಸಾಹೇಬರನ್ನು ಕರೆಸಿದೆ. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವರು. ಎಳೆಯ ಹೆಣ್ಣುಕುದುರೆ ಗೌರಿಯನ್ನು ಮೈ ತೊಳೆದು ನಿಲ್ಲಿಸಿದ್ದರು. ಅತ್ತೆ ಅವಲಕ್ಕಿ, ಚಹಾ ತಂದಿಟ್ಟರು. ಮಾವ ಬೆಲೆಯ ಮಾತೇ ಎತ್ತಲಿಲ್ಲ.

"ನಿಮ್ಮಲ್ಲಿ ಬಾವಿ ನೀರು ಉಪ್ಪಾ? ಮನೇಲಿ ಎಷ್ಟು ಜನ? ಸಿಟ್ಟಿನವ್ರು ಯಾರಾದ್ರೂ?"

ಸಾಹೇಬರು ಲೋಟ ಕೆಳಗಿಟ್ಟರು. "ನಾಯ್ಕರೇ, ನಾನು ಬಂದದ್ದು ಕುದುರೆ ತಗೊಳ್ಳಿಕ್ಕೆ. ಹುಡುಗಿ ನೋಡ್ಲಿಕ್ಕಲ್ಲ."

"ಎರಡಕ್ಕೂ ಮನೆತನ ನೋಡ್ಬೇಕಲ್ಲ ಸಾಹೇಬ್ರೆ."

ಸಂಜೆಯ ಹೊತ್ತಿಗೆ ಮನೆತನ ಒಪ್ಪಿಗೆಯಾಯಿತು. ಗೌರಿಯ ಜೊತೆ ಮಾವ ಮೇವಿನ ಮೂಟೆಗಳು, ಹೊಸ ಕಂಬಳಿ, ಅಳತೆ ಕೊಟ್ಟು ಹೊಲಿಸಿದ ಸೊಳ್ಳೆಪರದೆ ಕಳಿಸಿದರು. ಅತ್ತೆ ಅವಳ ಹಣೆಗೆ ಕುಂಕುಮ ಹಚ್ಚಿ ಕಣ್ಣೊರೆಸಿಕೊಂಡರು. ಬೀಳ್ಕೊಟ್ಟ ಖರ್ಚು ಮಾರಿದ ಬೆಲೆಯನ್ನು ದಾಟಿತು. ಶಿಸ್ತಿನ ಮನುಷ್ಯನಾದ ನಾನು ಆ ರಸೀದಿಗಳನ್ನೂ ದಿನಾಂಕವಾರು ಜೋಡಿಸಿ ತೆರಿಗೆಯವರಿಗೆ ಕಳಿಸಿಬಿಟ್ಟೆ.

ವಿಚಾರಣೆಯ ದಿನ ಕಂಪ್ಯೂಟರ್ ಪರದೆಯ ಮೇಲೆ ಕಾಣಿಸಿಕೊಂಡ ಅಧಿಕಾರಿ ಬಹಳ ಹೊತ್ತು ಕಾಗದ ತಿರುವಿದರು. "ಕುದುರೆಗೆ ಸೊಳ್ಳೆಪರದೆ ಯಾಕೆ?"

ನಾನು ಬಾಯಿ ತೆರೆಯುವ ಮೊದಲೇ ಮಾವ, "ಹೊಸ ಜಾಗ ಅಲ್ವಾ ಸರ್, ನಿದ್ದೆ ಬರ್ಬೇಕಲ್ಲ," ಎಂದರು.

ಹವ್ಯಾಸವೆಂದು ತೀರ್ಮಾನವಾಯಿತು. ಮಾವ ದಂಡ ಸಮೇತ ಕಟ್ಟಿದರು.

ಇದನ್ನೆಲ್ಲ ಬರೆಯಲು ಕೂತಾಗಲೇ ಇಂದು ಬೆಳಿಗ್ಗೆ ಅವರ ಫೋನು. ಗೌರಿ ಗಬ್ಬವಾಗಿದ್ದಾಳಂತೆ.

"ಚೊಚ್ಚಲ ಹೆರಿಗೆ ತವರಲ್ಲೇ ಆಗ್ಬೇಕು ಅಂತ ಸಾಹೇಬ್ರಿಗೆ ಹೇಳಿದೆ. ಆತು ಅಂದ್ರು. ಗಾಡಿ ಬಾಡಿಗೆ ಯಾವ ಲೆಕ್ಕಕ್ಕೆ ಹಾಕೂದು?"

"ಯಾವ ಲೆಕ್ಕಕ್ಕೂ ಬೇಡ ಮಾವ," ಎಂದೆ. "ಮಧ್ಯಾಹ್ನ ಮಾತ್ರ ಕರ್ಕೊಂಡು ಬರ್ಬೇಡಿ. ಈ ಬಿಸ್ಲು ಅವ್ಳಿಗೆ ಆಗೂದಿಲ್ಲ."