ಎಂಟು ರೂಪಾಯಿಯ ಬಾಳೆಹಣ್ಣು

ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ. ಸ್ಟೇಶನ್ ಬಜಾರದ ಅಂಗಡಿಯವರು ನನ್ನನ್ನು ಕಂಡರೆ ಶಟರ್ ಎಳೆಯುತ್ತಾರೆಂದು ಮನೆಯಲ್ಲಿ ರೇಗಿಸುತ್ತಾರೆ. ದಿನಾ ಕಲಬುರಗಿಯಿಂದ ಕಮಲಾಪುರಕ್ಕೆ ಹೋಗಿ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಸಂಜೆ ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂಡುವ ಹೆಂಗಸಿನ ಹತ್ತಿರ ಕೆಂಪು ಬಾಳೆಹಣ್ಣು ಕೊಳ್ಳುತ್ತೇನೆ. ಅವಳ ಮಗಳು ನನ್ನ ಆರನೇ ಕ್ಲಾಸಿನಲ್ಲಿದ್ದಾಳೆ. ಒಂದಕ್ಕೆ ಹತ್ತು ರೂಪಾಯಿ ಎಂದವಳನ್ನು ಎಂಟಕ್ಕೆ ಇಳಿಸಿದ್ದೆ. ಹತ್ತು ಬರೀ ಬಾಯಿಮಾತು, ಎಂಟೇ ನಿಜವಾದ ಬೆಲೆ ಎಂದುಕೊಂಡಿದ್ದೆ.

ಗೊತ್ತಿಲ್ಲದ ಸಂಖ್ಯೆಯನ್ನು ಸುಳಿವುಗಳಿಂದ ಹುಡುಕುವ ಪಾಠಕ್ಕೆ ಅದೇ ಹಣ್ಣನ್ನು ತಂದೆ. ಎರಡು ಬಾಳೆಹಣ್ಣು, ಒಂದು ಪೇರಲಹಣ್ಣು ಸೇರಿ ಇಪ್ಪತ್ತೊಂದು ರೂಪಾಯಿ. ಪೇರಲ ಬಾಳೆಹಣ್ಣಿಗಿಂತ ಮೂರು ರೂಪಾಯಿ ಕಡಿಮೆ. ಬಾಳೆಹಣ್ಣಿನ ಬೆಲೆಯ ಜಾಗದಲ್ಲಿ ಬೋರ್ಡಿನ ಮೇಲೆ ಖಾಲಿ ಚೌಕ ಬರೆದೆ. ಎಲ್ಲರೂ ಎಂಟು ಎಂದರು. ಕ್ಲಾಸಿಗೇ ಜಾಣೆಯಾದ ಆ ಹಣ್ಣಿನವಳ ಮಗಳು ಮಾತ್ರ ಹತ್ತು ಎಂದಳು. ನನ್ನ ಹಾಳು ನಾಲಿಗೆ ಸುಮ್ಮನಿರಬೇಕಲ್ಲ! ಅವ್ವನ ಬುಟ್ಟಿಯ ಹಣ್ಣಿನ ರೇಟು ಮಗಳಿಗೇ ಗೊತ್ತಿಲ್ಲವೇ ಎಂದು ಕೇಳಿದೆ. ಮಕ್ಕಳು ನಕ್ಕರು.

"ಗೊತ್ತದ ರೀ ಮೇಡಂ," ಎಂದಳು. "ಎಲ್ಲಾರಿಗೂ ಹತ್ತೇ ರೀ. ನನಗ ಕಲಸ್ತೀರಂತ ನಿಮಗಷ್ಟೇ ಎಂಟಕ್ಕ ಕೊಡ್ತಾಳ್ರಿ ನಮ್ಮವ್ವ."

ಆ ತಾಯಿಯ ಹೊಟ್ಟೆಗೆ ಹೊಡೆದು ಜಾಣತನ ಮೆರೆದಿದ್ದೆ. ತಪ್ಪು ನಂದವ್ವಾ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಷ್ಟು ಮಕ್ಕಳೆದುರು ಸಣ್ಣವಳಾಗಲು ಮನಸ್ಸು ಒಪ್ಪಲಿಲ್ಲ. ಸುಳಿವಿನ ಪ್ರಕಾರ ಎಂಟೇ ಸರಿ, ತಿದ್ದಿಕೋ ಎಂದೆ. ಅವಳು ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಬರೆದಿದ್ದ ಹತ್ತನ್ನು ಅಳಿಸಿದಳು.

ಆ ಸಂಜೆ ಹತ್ತರ ಲೆಕ್ಕದಲ್ಲಿ ದುಡ್ಡು ಕೊಟ್ಟೆ. ತಾಯಿ ಎಷ್ಟು ಬೇಡವೆಂದರೂ ಬುಟ್ಟಿಯೊಳಗೆ ಹಾಕಿ ಬಸ್ಸು ಹತ್ತಿದೆ. ಕಲಬುರಗಿಯ ಕುಸನೂರಿನಲ್ಲಿರುವ ಮನೆ ತಲುಪುವಷ್ಟರಲ್ಲಿ ಎಲ್ಲ ಸರಿಹೋಯಿತೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಮುಂದಿನ ವಾರ ಪೆನ್ಸಿಲ್, ರಬ್ಬರಿನ ಬೆಲೆ ಹುಡುಕುವ ಲೆಕ್ಕ ಕೊಟ್ಟೆ. ಯಾವಾಗಲೂ ಮೊದಲು ಕೈಯೆತ್ತುವ ಹುಡುಗಿ ಸುಮ್ಮನೆ ಕೂತಿದ್ದಳು. ಹತ್ತಿರ ಹೋಗಿ ಉತ್ತರ ಎಷ್ಟೆಂದು ಕೇಳಿದೆ. ಅವಳು ಎದ್ದು ನಿಂತು ಮೆಲ್ಲಗೆ ಕೇಳಿದಳು:

"ಯಾವುದು ಹೇಳ್ಲಿ ರೀ ಮೇಡಂ? ಖರೇ ರೇಟೋ, ನಿಮ್ಮ ರೇಟೋ?"

ಅವಳ ಮುಖದಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದಳು.