ಅಣ್ಣನ ಹೆಸರಿನ ಮೇಲೆ ನಡೆದ ದವಾಖಾನೆ

ನಮ್ಮ ದವಾಖಾನೆಯಲ್ಲಿ ಸತ್ತ ನೌಕರರ ಹೆಸರಿನ ಫಲಕವನ್ನು ಮನೆಗೆ ಕಳಿಸುವ ಪದ್ಧತಿ ಇದೆ. ಮಿಷನ್ ಕಾಲದಿಂದ ಬಂದದ್ದಂತೆ. ಮಣ್ಣು ಮುಗಿದ ಮೇಲೆ ಬಾಗಿಲಿನ ಫಲಕವನ್ನು ಬಿಚ್ಚಿ, ಒರೆಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಪ್ರಾರ್ಥನೆಯ ದಿನ ಮನೆಯವರ ಕೈಗೆ ಕೊಡುತ್ತಾರೆ. ಆಮೇಲೆ ಆ ಹೆಸರು ಆಫೀಸಿನಲ್ಲಿ ಎಲ್ಲಿಯೂ ಉಳಿಯಬಾರದು. ಹಾಜರಿಯಿಂದ, ಡ್ಯೂಟಿ ಚಾರ್ಟಿನಿಂದ, ಎಲ್ಲ ಕಡೆಯಿಂದ ತೆಗೆಯುತ್ತಾರೆ. ಒಳ್ಳೆಯ ಪದ್ಧತಿಯೇ. ಅದನ್ನು ಕಂಪ್ಯೂಟರಿಗೂ ಹಚ್ಚಿದ್ದು ಎಡವಟ್ಟಾಯಿತು.

ಬೀದರಿನಲ್ಲಿ ನಮ್ಮದು ದೊಡ್ಡ ದವಾಖಾನೆ. ಭಾಲ್ಕಿಯಲ್ಲಿ ಒಂದು, ಔರಾದಿನಲ್ಲಿ ಒಂದು ಸಣ್ಣವು. ಮೂರೂ ಕಡೆಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಇಬ್ಬರೇ, ಅಣ್ಣ ಮತ್ತು ನಾನು. ಒಡಹುಟ್ಟಿದ ಅಣ್ಣನಲ್ಲ. ಹಲಬರ್ಗಾದವನು, ನನಗೆ ಕೆಲಸ ಕಲಿಸಿದವನು. ಅವನ ಹೆಂಡತಿ ಭಾಲ್ಕಿ ದವಾಖಾನೆಯಲ್ಲಿ ಸಿಸ್ಟರ್. ಅವರನ್ನು ನಾನು ವೈನಿ ಅನ್ನುತ್ತಿದ್ದೆ. ನಾನು ಚಿದ್ರಿಯಿಂದ ಬೈಕ್ ಒದ್ದು ಬರುವಷ್ಟರಲ್ಲಿ ಅಣ್ಣ ಭಾಲ್ಕಿಯಿಂದ ಬಸ್ಸಿಗೆ ಬಂದು ಸರ್ವರ್ ಕೋಣೆಯ ಕಸ ಹೊಡೆದು ಮುಗಿಸಿರುತ್ತಿದ್ದ. ಅದು ನಮ್ಮ ಕೆಲಸವಲ್ಲ ಎಂದು ಎಷ್ಟು ಜಗಳಾಡಿದರೂ ಕೇಳುತ್ತಿರಲಿಲ್ಲ.

ಸ್ಕ್ಯಾನು, ಎಕ್ಸ್‌ರೇ, ರೋಗಿಗಳ ಹಿಂದಿನ ದಾಖಲೆ ಎಲ್ಲವನ್ನೂ ಕ್ಲೌಡಿಗೆ ಹಾಕಬೇಕೆಂದು ದವಾಖಾನೆ ನಡೆಸುವ ಕಮಿಟಿ ಹೇಳಿತು. ಕ್ಲೌಡ್ ಅಂದರೆ ಮತ್ತೇನಲ್ಲ, ದೂರದೂರಿನಲ್ಲಿ ಯಾರದೋ ಯಂತ್ರಗಳಲ್ಲಿ ಬಾಡಿಗೆಗೆ ಹಿಡಿದ ಜಾಗ. ಫೈಲುಗಳು ಅಲ್ಲಿ. ಆದರೆ ಯಾರು ಡಾಕ್ಟರು, ಯಾರು ಸಿಸ್ಟರು, ಯಾರಿಗೆ ಯಾವ ಫೈಲು ತೆರೆಯುವ ಹಕ್ಕಿದೆ ಎಂಬ ಹೆಸರು, ಪಾಸ್‌ವರ್ಡುಗಳ ಡೈರೆಕ್ಟರಿ ಮಾತ್ರ ಬೀದರಿನ ನಮ್ಮದೇ ಸರ್ವರಿನಲ್ಲಿ. ಅದನ್ನು ಹೊರಗೆ ಕಳಿಸಲು ಅಣ್ಣ ಸುತಾರಾಂ ಒಪ್ಪಲಿಲ್ಲ. "ಸಾಮಾನು ಬೇಕಾದ್ರ ಪರರ ಮನ್ಯಾಗ ಇಡೂಣು. ಮಂದಿ ನಮ್ಮ ಕಡೀನೇ ಇರ್ಲಿ," ಅಂದ.

ಹಾಗಾಗಿ ಎರಡನ್ನೂ ಜೋಡಿಸಬೇಕಾಯಿತು. ಭಾಲ್ಕಿಯಲ್ಲಿ ಒಬ್ಬ ಸಿಸ್ಟರ್ ಫೈಲು ಕೇಳಿದರೆ, ಕ್ಲೌಡು ಬೀದರಿನ ಡೈರೆಕ್ಟರಿಗೆ ಬಂದು 'ಇವರು ನಿಮ್ಮವರು ಹೌದೋ ಅಲ್ಲವೋ' ಎಂದು ವಿಚಾರಿಸಬೇಕು. ಹಾಗೆ ಒಳಗೆ ಬಂದು ವಿಚಾರಿಸಲು ಅದಕ್ಕೂ ನಮ್ಮಲ್ಲಿ ಒಂದು ಹೆಸರು, ಒಂದು ಪಾಸ್‌ವರ್ಡು ಬೇಕು. ಇಂಥದಕ್ಕೆ ಯಾರ ಹೆಸರೂ ಅಲ್ಲದ, ಆ ಕೆಲಸಕ್ಕಷ್ಟೇ ಇರುವ ಒಂದು ಹೆಸರು ಮಾಡುತ್ತಾರೆ. ಬುದ್ಧಿ ಇದ್ದ ಕಡೆಯೆಲ್ಲ ಹಾಗೇ ಮಾಡುತ್ತಾರೆ.

ನಮ್ಮ ಆಫೀಸಿನ ಸುಪರಿಂಟೆಂಡೆಂಟರು ಬೇಡ ಎಂದರು. ಹಿಂದೊಮ್ಮೆ ಇಲ್ಲದ ನೌಕರನ ಹೆಸರು ಸೇರಿಸಿ ಯಾರೋ ಔಷಧಿ ಎತ್ತಿದ್ದರು. ಅಂದಿನಿಂದ ಕಮಿಟಿಯದು ಒಂದೇ ಹಟ: ಡೈರೆಕ್ಟರಿಯಲ್ಲಿ ಹೆಸರಿದ್ದರೆ ಅದರ ಹಿಂದೆ ಒಬ್ಬ ಮನುಷ್ಯ ಇರಬೇಕು. "ಮನಶಾ ಇಲ್ದ ಹೆಸರು ನಮ್ಮ ಕಡಿ ನಡೀಂಗಿಲ್ರಿ," ಅಂದರು. ನಾನು ವಾದಕ್ಕೆ ನಿಂತೆ. ಅಣ್ಣ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದ. "ಹೋಗ್ಲಿ ಬಿಡು. ನನ್ನ ಹೆಸರು ಕೊಡ್ತೇನಿ. ನಾ ಎಲ್ಲಿ ಓಡಿ ಹೋಗ್ತೇನಿ?"

ಜೋಡಣೆ ಸಲೀಸಾಗಿ ಆಗಲಿಲ್ಲ. ಕ್ಲೌಡು ನಮ್ಮ ಸರ್ವರನ್ನು ಹುಡುಕಲು ಅದರ ವಿಳಾಸ ಸರಿಯಾಗಿ ಕೊಡಬೇಕು, ನಡುವೆ ಕಾವಲಿಗಿರುವ ಫೈರ್‌ವಾಲಿನಲ್ಲಿ ಬೇಕಾದ ಬಾಗಿಲುಗಳೆಲ್ಲ ತೆರೆದಿರಬೇಕು. ಒಂದು ಮುಚ್ಚಿದ್ದರೂ 'ಆಗಲಿಲ್ಲ' ಅನ್ನುತ್ತಿತ್ತೇ ಹೊರತು ಯಾವುದು ಮುಚ್ಚಿದೆ ಅನ್ನುತ್ತಿರಲಿಲ್ಲ. ಒಂದನ್ನು ಹಿಡಿದು ಸರಿ ಮಾಡುವಷ್ಟರಲ್ಲಿ ಕೊಳಾರದ ಕಡೆ ಯಾರೋ ರಸ್ತೆ ಅಗೆದು ಇಂಟರ್ನೆಟ್ಟೇ ಹೋಗುತ್ತಿತ್ತು. ನಾನು ಕೀಬೋರ್ಡು ಕುಟ್ಟಿ ಬೈಯುತ್ತಿದ್ದೆ. ಅಣ್ಣ ಚಹಾ ತರಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಕಡೆಗೊಂದು ಮಧ್ಯಾಹ್ನ ಕೂಡಿಕೊಂಡಿತು. ವೈನಿ ಭಾಲ್ಕಿಯಿಂದ ಫೋನ್ ಮಾಡಿ, ಔರಾದಿನಲ್ಲಿ ತೆಗೆದ ಸ್ಕ್ಯಾನು ತಮ್ಮ ಟೇಬಲ್ಲಿನ ಮೇಲೆ ಕಾಣುತ್ತಿದೆ ಎಂದರು. ಅಣ್ಣ ಇಡೀ ದಿನ ನಗುತ್ತಲೇ ಇದ್ದ.

ಮುಂದಿನ ಚಳಿಗಾಲಕ್ಕೆ ಅವನಿಗೆ ಕಾಮಾಲೆ ಆಯಿತು. ದವಾಖಾನೆಯಲ್ಲೇ ದುಡಿಯುವ ಮನುಷ್ಯ, ಹೆಂಡತಿ ಸಿಸ್ಟರು, ಆದರೂ ಹಲಬರ್ಗಾಕ್ಕೆ ಹೋಗಿ ಯಾರೋ ಕೊಟ್ಟ ಸೊಪ್ಪಿನ ರಸ ಕುಡಿದು ಬಂದ. ಇವತ್ತಿಗೂ ನೆನೆದರೆ ಸಿಟ್ಟು ನೆತ್ತಿಗೇರುತ್ತದೆ. ನಮ್ಮ ವಾರ್ಡಿಗೆ ತರುವ ಹೊತ್ತಿಗೆ ಮಾತು ತೊದಲುತ್ತಿತ್ತು. ಹೊಟ್ಟೆ ಉಬ್ಬಿ, ಕಣ್ಣು ಅರಿಶಿನವಾಗಿ, ನರಳಿ ನರಳಿ ನಿಧಾನಕ್ಕೆ ಸತ್ತ. ವೈನಿ ಅಷ್ಟೂ ದಿನ ಸಮವಸ್ತ್ರದಲ್ಲೇ ಅವನ ಪಕ್ಕದಲ್ಲಿ ನಿಂತಿದ್ದರು.

ಅವರು ಡ್ಯೂಟಿಗೆ ಮರಳಿದ ಮೇಲೆ ನನಗೆ ಫೋನ್ ಮಾಡಿದರು. ಭಾಲ್ಕಿಯಲ್ಲಿ ಯಾವ ಫೋಲ್ಡರಿನ ವಿವರ ತೆಗೆದರೂ ಹಕ್ಕುಳ್ಳವರ ಸಾಲಿನಲ್ಲಿ ಅಣ್ಣನ ಹೆಸರು ಮೊದಲು ಬರುತ್ತಿತ್ತಂತೆ.

"ಎಲ್ಲಿ ನೋಡಿದ್ರೂ ಅವರೇ ಕಾಣ್ತಾರ್ರಿ. ಮನ್ಯಾಗ ಅವರ ಅಂಗಿ ತಗದು ಇಟ್ಟೀನಿ, ಚಪ್ಪಲಿ ತಗದು ಇಟ್ಟೀನಿ. ಇಲ್ಲಿ ಬಂದ್ರ ಹೆಸರು ಕುಂತದ. ಅದನ್ನೊಂದು ಮುಚ್ಚಿ ಬಿಡ್ರಿ. ಅವರನ್ನ ಆರಾಮ ಮಲಗಾಕ ಬಿಡ್ರಿ."

ಅವರು ನನ್ನಿಂದ ಕೇಳಿದ್ದು ಅದೊಂದೇ. ನಾನು ಅದನ್ನೂ ಮಾಡುವಂತಿರಲಿಲ್ಲ. ಅಣ್ಣನ ಹೆಸರು ಮುಚ್ಚಿದರೆ ಮೂರೂ ದವಾಖಾನೆಗಳ ಫೈಲುಗಳು ಮುಚ್ಚಿಹೋಗುತ್ತವೆ ಎಂದು ಹೇಳಿದೆ. ಸ್ವಲ್ಪ ತಡೆಯಿರಿ, ಕಮಿಟಿಯನ್ನು ಒಪ್ಪಿಸಿ ಬೇರೆ ಹೆಸರು ಮಾಡುತ್ತೇನೆ ಎಂದೆ. ಅವರು ಹೂಂ ಅಂದರು. ಸುಪರಿಂಟೆಂಡೆಂಟರಿಗೂ ಅಣ್ಣನ ಹೆಸರನ್ನು ಸದ್ಯಕ್ಕೆ ಮುಟ್ಟಬೇಡಿರಿ ಎಂದು ಎದುರು ಕೂತು ಬಿಡಿಸಿ ಹೇಳಿದೆ. ಅವರು ತಲೆ ಆಡಿಸಿದರು. ತಲೆ ಆಡಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

ಪ್ರಾರ್ಥನೆಯ ದಿನ ಬಂತು. ಫಲಕ ಕೊಡುವಾಗ ವೈನಿ ಅದನ್ನು ಎದೆಗೆ ಒತ್ತಿಕೊಂಡು ಅತ್ತರು. ಸುಪರಿಂಟೆಂಡೆಂಟರೂ ಕಣ್ಣೊರೆಸಿಕೊಂಡರು. ಅದು ನಾಟಕವಲ್ಲ, ಅವರು ಮೆತ್ತನೆಯ ಮನುಷ್ಯ. ಆಫೀಸಿಗೆ ವಾಪಸು ಬಂದವರೇ, ಬಿಟ್ಟುಹೋದ ನೌಕರರ ಹೆಸರು ಮುಚ್ಚಲು ಅವರಿಗಿದ್ದ ಹಕ್ಕಿನಿಂದ ಅಣ್ಣನ ಹೆಸರು ಮುಚ್ಚಿದರು. ಹೆಸರು ಮನೆಗೆ ಹೋದ ಮೇಲೆ ಇಲ್ಲಿ ಇಟ್ಟುಕೊಂಡು ಅವನನ್ನು ದುಡಿಸುವುದು ಪಾಪ ಎನಿಸಿತಂತೆ. ಕಂಪ್ಯೂಟರು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಒಮ್ಮೆ ಒಳಗೆ ಬಂದ ಕ್ಲೌಡು ಒಳಗೇ ಇತ್ತು. ಫೈಲುಗಳು ಮೊದಲಿನಂತೆ ತೆರೆಯುತ್ತಿದ್ದವು. ಆದ್ದರಿಂದ ನನಗೆ ತಿಳಿಯಲಿಲ್ಲ.

ಕೆಲವು ದಿನಗಳ ನಂತರ ಕ್ಲೌಡಿನವರು ತಮ್ಮ ಯಂತ್ರವನ್ನು ದುರಸ್ತಿಗೆಂದು ನಿಲ್ಲಿಸಿ ಶುರು ಮಾಡಿದರು. ಅದು ಯಾವಾಗಲೂ ಮಾಡುವಂಥದೇ. ಈ ಸಲ ಅದು ಮತ್ತೆ ಒಳಗೆ ಬರಲು ಅಣ್ಣನ ಹೆಸರು ಹೇಳಿತು. ಆ ಹೆಸರು ನಡೆಯುವುದಿಲ್ಲ ಎಂದು ನಮ್ಮದೇ ಡೈರೆಕ್ಟರಿ ಹೊರಗೆ ನಿಲ್ಲಿಸಿತು.

ನಾನು ಆವತ್ತು ಔರಾದಿನಲ್ಲಿದ್ದೆ, ಅಲ್ಲಿಯ ಪ್ರಿಂಟರ್ ಕೆಟ್ಟಿತ್ತೆಂದು. ಬಸ್ಸಿಳಿದು ದವಾಖಾನೆಗೆ ಕಾಲಿಟ್ಟರೆ ಯಾರಿಗೂ ಫೈಲು ತೆರೆಯುತ್ತಿಲ್ಲ. ಲ್ಯಾಪ್‌ಟಾಪು ಬಿಚ್ಚುತ್ತಿದ್ದಂತೆ ವೈನಿಯ ಫೋನು. ಭಾಲ್ಕಿಗೆ ಒಬ್ಬ ಬಸುರಿಯನ್ನು ತಂದಿದ್ದರು. ಮೈಯೆಲ್ಲ ರಕ್ತ. ಔರಾದಿನಲ್ಲೂ ಬೀದರಿನಲ್ಲೂ ತೋರಿಸಿಕೊಂಡಿದ್ದಳು, ಸ್ಕ್ಯಾನುಗಳೆಲ್ಲ ಆಗಿದ್ದವು. ಎಲ್ಲ ಕಂಪ್ಯೂಟರಿನಲ್ಲಿರುತ್ತದೆ, ಕಾಗದ ಹೊತ್ತುಕೊಂಡು ತಿರುಗಬೇಡಿರಿ ಎಂದು ನಾವೇ ಜನಕ್ಕೆ ಹೇಳಿದ್ದೆವು. ಅವಳ ಕೈಯಲ್ಲಿ ಒಂದು ಚೂರೂ ಇರಲಿಲ್ಲ.

"ಫೈಲ್ ತಗೀವಲ್ದು. ಏನಾಗ್ಯಾದ್ರಿ?"

ನಾನಾಗಲೇ ಬೀದರಿನ ಸರ್ವರಿಗೆ ಹೊಕ್ಕಿದ್ದೆ. ಅಣ್ಣನ ಹೆಸರು ಬೂದಿ ಬಣ್ಣಕ್ಕೆ ತಿರುಗಿತ್ತು. "ವೈನಿ, ಯಾರೋ ಅಣ್ಣನ ಹೆಸರು ಮುಚ್ಯಾರ."

ಫೋನಿನಲ್ಲಿ ಅವರ ಹಿಂದೆ ಯಾರೋ ಹೆಂಗಸು ಚೀರುತ್ತಿದ್ದಳು.

"ಎಬ್ಬಸ್ರಿ ಅವರನ್ನ," ಅಂದರು ವೈನಿ. "ಕೇಳಸ್ತೇನ್ರಿ? ಈಗಿಂದೀಗ ಎಬ್ಬಸ್ರಿ."

ಎಬ್ಬಿಸಿದೆ. ಬೇರೆ ಹೆಸರು ಮಾಡಿ ಹಕ್ಕು ಕೊಡುತ್ತ ಕೂರುವ ಹೊತ್ತು ಅದಾಗಿರಲಿಲ್ಲ. ಹೆಸರು ಚಾಲೂ ಆಗಲು ಒಂದು ಗುಂಡಿ ಸಾಕಾಯಿತು. ಆದರೆ ಕ್ಲೌಡಿಗೆ ಮತ್ತೊಮ್ಮೆ ಪ್ರಯತ್ನಿಸು ಎಂದು ಹೇಳಿ, ಅದು ಬಂದು, ವಿಚಾರಿಸಿ, ನಂಬುವವರೆಗೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಪರದೆಯ ಮೇಲೆ 'ಸರಿಪಡಿಸಲಾಗುತ್ತಿದೆ' ಅನ್ನುತ್ತಲೇ ಇತ್ತು. ವೈನಿ ಫೋನು ಇಡಲಿಲ್ಲ. "ಆತೇನ್ರಿ? ಆತೇನ್ರಿ?" ಎಂದು ಕೇಳುತ್ತಲೇ ಇದ್ದರು. ಫೈಲು ತೆರೆಯುವ ಹೊತ್ತಿಗೆ ಡಾಕ್ಟರು ಕಾಯುವುದನ್ನು ಬಿಟ್ಟು ಅವಳನ್ನು ಆಪರೇಷನ್ನಿಗೆ ಒಯ್ದಾಗಿತ್ತು.

ತಾಯಿ ಉಳಿದಳು. ಕೂಸು ಉಳಿಯಲಿಲ್ಲ. ಫೈಲು ಮೊದಲೇ ಸಿಕ್ಕಿದ್ದರೂ ಹೀಗೇ ಆಗುತ್ತಿತ್ತು ಎಂದು ಡಾಕ್ಟರು ಹೇಳಿದರು. ನಿಜವೋ, ನಮ್ಮನ್ನು ಸಮಾಧಾನ ಮಾಡಲು ಹೇಳಿದರೋ, ನನಗೆ ಗೊತ್ತಿಲ್ಲ. ವೈನಿ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಕಮಿಟಿ ಕೂಡಿತು. ಕೆಲಸಕ್ಕಷ್ಟೇ ಇರುವ ಒಂದು ಹೆಸರು ಕೊಡಿ ಎಂದು ಮತ್ತೆ ಕೇಳಿದೆ. ಕೈ ಮುಗಿದೆ, ಆಮೇಲೆ ಟೇಬಲ್ ಗುದ್ದಿದೆ. ಅವರೆಲ್ಲ ಆ ಕೂಸಿಗಾಗಿ ಎದ್ದು ನಿಂತು ಪ್ರಾರ್ಥನೆ ಮಾಡಿದರು. ಆದರೆ ಕಾಯ್ದೆ ಕಾಯ್ದೆಯೇ ಎಂದರು. ಹೆಸರಿನ ಹಿಂದೆ ಒಬ್ಬ ಮನುಷ್ಯ ಇರಲೇಬೇಕು. ಇಲ್ಲವಾದರೆ ಇದ್ದ ಹೆಸರೇ ಇರಲಿ, ನಡೆಯುತ್ತಿದೆಯಲ್ಲ ಎಂದರು ಸುಪರಿಂಟೆಂಡೆಂಟರು. ಪಾಪದ ಮಾತು ಅವರಿಗೂ ಮರೆತುಹೋಗಿತ್ತು.

ವೈನಿ ಮಾತ್ರ ದಿನಾ ಅದೇ ಹೆಸರು ನೋಡುತ್ತ ಭಾಲ್ಕಿಯಲ್ಲಿ ಡ್ಯೂಟಿ ಮಾಡುತ್ತಿದ್ದರು. ಮುಚ್ಚಿರಿ ಎಂದು ಮತ್ತೆ ಕೇಳಲಿಲ್ಲ. ಕೇಳದೇ ಇರುವುದು ನನಗೆ ಇನ್ನೂ ಕಷ್ಟವಾಯಿತು. ಒಂದು ಭಾನುವಾರ, ಹೊರರೋಗಿ ವಿಭಾಗ ಇಲ್ಲದ ದಿನ, ಅವರನ್ನು ಬೀದರಿಗೆ ಕರೆಸಿದೆ. ಮೊದಲು ಕ್ಲೌಡಿಗೆ ಬೇರೆ ಹೆಸರು ಕೊಟ್ಟು ಜೋಡಿಸಿ, ಮೂರೂ ಕಡೆ ಫೈಲು ತೆರೆಸಿ ನೋಡಿದೆ. ಎಲ್ಲ ತೆರೆದವು. ಆಮೇಲೆ ಅವರ ಕಣ್ಣೆದುರೇ ಅಣ್ಣನ ಹೆಸರು ಮುಚ್ಚಿದೆ.

"ಆತೇನ್ರಿ?"

"ಆತು ವೈನಿ. ಇನ್ನ ಯಾರೂ ಎಬ್ಬಸಂಗಿಲ್ಲ."

ಅವರು ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದರು. ಬಾಗಿಲ ತನಕ ಹೋದವರು ತಿರುಗಿ ನಿಂತರು.

"ಮತ್ತ ಈಗ ಯಾರ ಹೆಸರಿನ ಮ್ಯಾಲ ನಡದದ್ರಿ?"

"ನಂದೇ ಕೊಟ್ಟೀನಿ."

ವೈನಿ ನನ್ನನ್ನೇ ಬಹಳ ಹೊತ್ತು ನೋಡಿದರು. ರೋಗಿಯ ಮನೆಯವರಿಗೆ ಸುದ್ದಿ ಹೇಳುವ ಮುಂಚೆ ಸಿಸ್ಟರುಗಳು ನೋಡುತ್ತಾರಲ್ಲ, ಹಾಗೆ.

"ಹಂಗಾದ್ರ ನಿಮ್ಮ ಮನಿಯವ್ರಿಗೆ ಈಗ್ಲೇ ಹೇಳಿ ಇಡ್ರಿ," ಅಂದರು.